ಜೀವಕೋಶದಲ್ಲಿ ಸ್ಥಾನವೂ ಸ್ಥಾನಭ್ರಂಶವೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣವನ್ನೂ ತರ್ಕವನ್ನೂ ಪಾಠ ಹೇಳುತ್ತ ತಲೆ ನರೆತವನೊಬ್ಬನು ಜೀವಕೋಶಗಳ ವಿಷಯವಾಗಿ ಮಾತನಾಡಲು ಎದ್ದು ನಿಂತುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿದ್ದರೆ ಅದು ಸಹಜವೇ ಸರಿ. ಈ ಶಾಸ್ತ್ರದಲ್ಲಿ ನನಗೆ ಗುರುಮುಖೇನ ಪಾಠವಾದುದಿಲ್ಲ. ಇದರ ಕಡೆಗೆ ನನ್ನನ್ನು ತಿರುಗಿಸಿದುದು ನನ್ನದೇ ಆದ ಒಂದು ತಪ್ಪು. ಅದನ್ನು ಮೊದಲು ಅರಿಕೆ ಮಾಡಿಕೊಂಡು ಅನಂತರ ವಿಷಯಕ್ಕೆ ಬರುವೆನು.

ಕೆಲವು ವರ್ಷಗಳ ಕೆಳಗೆ ದಂಪತಿಗಳಿಬ್ಬರು ನಾಲ್ಕೈದು ವರ್ಷದ ಮಗುವನ್ನು ಎತ್ತಿಕೊಂಡು ನನ್ನ ಬಳಿಗೆ ಬಂದರು. ಗಂಡನು ಆಕೆಗೆ ಸೋದರಮಾವನಾಗಬೇಕು. ಮಗುವಿನ ಎರಡು ಮೂತ್ರಪಿಂಡಗಳಲ್ಲಿಯೂ ಕಲ್ಲು ತುಂಬಿತ್ತು; ತೆಗೆಸಿದಷ್ಟೂ ಮತ್ತೆ ಬೆಳೆಯುತ್ತಿತ್ತು. ಇದು ಹುಟ್ಟಿನಿಂದ ಬಂದ, ಯಕೃತ್ತಿನಲ್ಲಿ ಮೂಲವುಳ್ಳ ವ್ಯಾಧಿಯೆಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದರು. ಮನೆಯ ಹಿರಿಯರು ಹೇಳುತ್ತಿದ್ದುದು ಬೇರೆ. ತಾಯಿಯು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಸುಳಿದಾಡಿದಳೆಂದೂ ಅದರ ಫಲವೇ ಇದೆಂದೂ ಅವರ ತೀರ್ಮಾನವಾಗಿತ್ತು. ಆ ತಾಯಿ ನನ್ನನ್ನು ಕೇಳಿದುದು ಒಂದೇ ಮಾತು: "ಇದು ನನ್ನಿಂದ ಆದದ್ದೇ?" ನಾನು ಓದುತ್ತಿದ್ದ ಪುಸ್ತಕದಿಂದ ಕಣ್ಣನ್ನು ಪೂರ್ತಿಯಾಗಿ ತೆಗೆಯದೆ, ಪೂರ್ವಾರ್ಜಿತವನ್ನು ಯಾರು ತಪ್ಪಿಸಬಲ್ಲರು ಎಂದು ಎಲ್ಲರೂ ಹೇಳುವ ಉತ್ತರವನ್ನೇ ಹೇಳಿ ಕಳುಹಿಸಿದೆನು. ಆಕೆ ತಲೆ ತಗ್ಗಿಸಿಕೊಂಡು ಹೊರಟುಹೋದಳು. ಅವರು ಮತ್ತೆ ಬರಲಿಲ್ಲ. ಮಗುವಿನ ಗತಿ ಏನಾಯಿತೆಂದು ನನಗೆ ತಿಳಿಯದು.

ಅವರು ಹೋದ ಮೇಲೆ ಆ ಪ್ರಶ್ನೆಯು ನನ್ನಲ್ಲಿಯೇ ಉಳಿಯಿತು. ಪ್ರಮಾಣವಿಲ್ಲದೆ ಪ್ರಮೇಯವನ್ನು ಸಾಧಿಸಬಾರದೆಂದು ಮಕ್ಕಳಿಗೆ ಪಾಠ ಹೇಳುವವನು, ಒಬ್ಬ ತಾಯಿಯ ಎದುರಿನಲ್ಲಿ ಪ್ರಮಾಣವನ್ನು ಹುಡುಕುವ ಶ್ರಮವನ್ನೇ ತೆಗೆದುಕೊಳ್ಳಲಿಲ್ಲ. ವೈದ್ಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಸಿ, ಆ ವ್ಯಾಧಿಯ ಮೂಲವೇನೆಂದು ಕೇಳಿದೆನು. ಅವನು ತಂದುಕೊಟ್ಟ ಪುಸ್ತಕಗಳನ್ನು ಅವನ ಸಹಾಯದಿಂದಲೇ ಓದಿ ತಿಳಿದುಕೊಂಡುದನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ಒಂದು ವಸ್ತುವು ಒಳ್ಳೆಯದಾಗಿದ್ದರೆ ಸಾಲದು; ಅದು ತನ್ನ ಸ್ಥಾನದಲ್ಲಿಯೂ ಇರಬೇಕು. ಸ್ಥಾನ ತಪ್ಪಿದರೆ ಸಂಜೀವಿನಿಯೂ ನಿಷ್ಫಲವಾಗುವುದು. ಜೀವಕೋಶದ ಶಾಸ್ತ್ರವು ಇದನ್ನು ಹೇಗೆ ಕಂಡುಹಿಡಿಯಿತು, ಮತ್ತು ಇದರಿಂದ ಆ ತಾಯಿಯ ಪ್ರಶ್ನೆಗೆ ಯಾವ ಉತ್ತರ ದೊರೆಯುವುದು ಎಂಬುದೇ ನನ್ನ ಮಾತಿನ ವಿಷಯ.

ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಎಣಿಸಿದ್ದಾರೆ. ಸಾಧಾರಣವಾದ ಕೋಶಗಳನ್ನು ಒತ್ತೊತ್ತಾಗಿ ಸಾಲಿಟ್ಟರೆ ಒಂದು ಮಿಲಿಮೀಟರಿನಲ್ಲಿ 50ರಿಂದ 100ರ ವರೆಗೆ ಹಿಡಿಯುವುವು. ಇಷ್ಟು ಅಲ್ಪವಾದ ಆವರಣದೊಳಗೆ ಗೋಡೆಗಳಿಂದ ಬೇರ್ಪಟ್ಟ ಹಲವು ಕೋಣೆಗಳಿವೆ. ಕುಲಸೂತ್ರಗಳನ್ನು ಕಾಪಾಡುವ ಕೋಶಕೇಂದ್ರವೊಂದು. ಅನ್ನದಿಂದ ಶಕ್ತಿಯನ್ನು ಬಿಡಿಸಿಕೊಡುವ ಮೈಟೋಕಾಂಡ್ರಿಯಗಳು. ಹಳತಾದುದನ್ನು ಕರಗಿಸುವ ಲೈಸೋಸೋಮುಗಳು. ಕೆಲವು ವಿಷಪ್ರಾಯವಾದ ದ್ರವ್ಯಗಳನ್ನು ನಿರ್ವಿಷ ಮಾಡುವ ಪೆರಾಕ್ಸಿಸೋಮುಗಳು. ಇವುಗಳಲ್ಲದೆ ಇನ್ನೂ ಕೆಲವು. ಈ ಕೋಣೆಗಳಲ್ಲಿ ಕೆಲಸ ಮಾಡುವ ಆಳುಗಳು ಪ್ರೋಟೀನುಗಳೆಂಬ ದ್ರವ್ಯಗಳು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ, ಆ ಸರವನ್ನು ಒಂದು ನಿಯತವಾದ ಆಕಾರಕ್ಕೆ ಮಡಿಸಿದರೆ ಪ್ರೋಟೀನಾಗುವುದು. ಇವುಗಳನ್ನು ರಚಿಸುವ ವಿಧಿಯನ್ನು ಹೇಳುವ ಜೀನುಗಳು ಮನುಷ್ಯನಲ್ಲಿ ಸುಮಾರು 20,000 ಇವೆ.

ಈ ಸರಗಳನ್ನು ಪೋಣಿಸುವ ಯಂತ್ರಕ್ಕೆ ರೈಬೋಸೋಮೆಂದು ಹೆಸರು. ಇದು ಇರುವುದು ಕೋಶದ ಒಡಲಿನಲ್ಲಿ, ಎಲ್ಲ ಕೋಣೆಗಳ ಹೊರಗೆ. ಮೈಟೋಕಾಂಡ್ರಿಯದೊಳಗೆ ಸಾವಿರಕ್ಕೂ ಮೇಲ್ಪಟ್ಟ ಬಗೆಯ ಪ್ರೋಟೀನುಗಳು ಕೆಲಸ ಮಾಡುತ್ತಿದ್ದರೂ ಅದು ತಾನೇ ರಚಿಸಿಕೊಳ್ಳುವುದು 13 ಮಾತ್ರ. ಮಿಕ್ಕವೆಲ್ಲವೂ ಹೊರಗೆ ಹುಟ್ಟಿ ಒಳಕ್ಕೆ ಬರಬೇಕು. ಹಾಗಾದರೆ ಹೊಸದಾಗಿ ಹುಟ್ಟಿದ ಪ್ರೋಟೀನಿಗೆ ತನ್ನ ಮನೆ ಯಾವುದೆಂಬುದು ತಿಳಿಯುವ ಬಗೆ ಹೇಗೆ? ದಾರಿಯನ್ನು ತೋರಿಸುವವರು ಯಾರು? ಬಾಗಿಲನ್ನು ತೆರೆಯುವವರು ಯಾರು? ಈ ಪ್ರಶ್ನೆಗಳೇ ಈ ಶಾಸ್ತ್ರದ ಬೀಜಗಳು.

ದಾರಿಯ ಒಂದು ಘಟ್ಟವು ಕಣ್ಣಿಗೆ ಬಿದ್ದುದು ಬಹಳ ಹಿಂದೆಯೇ. 1898ರಲ್ಲಿ ಇಟಲಿ ದೇಶದ ಪಾವಿಯ ನಗರದ ಕಮಿಲ್ಲೋ ಗಾಲ್ಜಿಯವರು ಗೂಬೆಯ ನರಕೋಶಗಳನ್ನು ಬೆಳ್ಳಿಯ ಲವಣದಿಂದ ರಂಜಿಸಿ ನೋಡುತ್ತಿದ್ದಾಗ, ಕೋಶಕೇಂದ್ರದ ಸುತ್ತಲೂ ಒಂದು ಬಲೆಯಂತಹ ರಚನೆಯನ್ನು ಕಂಡರು. ಇದು ನಿಜವಾಗಿ ಇರುವ ವಸ್ತುವೋ ಬಣ್ಣದಿಂದ ಉಂಟಾದ ಭ್ರಾಂತಿಯೋ ಎಂಬ ವಾದವು ಸುಮಾರು ಐವತ್ತು ವರ್ಷಗಳ ಕಾಲ ನಡೆಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಂದ ಮೇಲೆ ಮಾತ್ರ ಆ ಸಂಶಯವು ನಿವಾರಣೆಯಾಯಿತು. ಹೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಆ ಚಪ್ಪಟೆಯಾದ ಚೀಲಗಳ ಸಮೂಹಕ್ಕೆ ಇಂದಿಗೂ ಗಾಲ್ಜಿಯವರ ಹೆಸರೇ ನಿಂತಿದೆ.

ಆ ದಾರಿಯ ಉದ್ದವನ್ನು ಅಳೆದವರು ರುಮೇನಿಯದಲ್ಲಿ ಹುಟ್ಟಿ ಅಮೇರಿಕದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಪಲಾಡೆ ಮತ್ತು ಅವರ ಜೊತೆಗಾರ ಜೇಮೀಸನ್ ಎಂಬವರು. 1967ರಲ್ಲಿ ಪ್ರಕಟವಾದ ಅವರ ಪ್ರಯೋಗದ ಕ್ರಮವನ್ನು ಕೇಳಿದರೆ ಯಾರಿಗಾದರೂ ಮೆಚ್ಚುಗೆಯಾಗದೆ ಇರದು. ಗಿನಿ ಪಿಗ್ ಎಂಬ ಪ್ರಾಣಿಯ ಮೇದೋಜೀರಕ ಗ್ರಂಥಿಯು ಜೀರ್ಣರಸದ ಪ್ರೋಟೀನುಗಳನ್ನು ಹೇರಳವಾಗಿ ರಚಿಸಿ ಹೊರಕ್ಕೆ ಸುರಿಸುವುದು. ಆ ಗ್ರಂಥಿಯ ತೆಳುವಾದ ತುಣುಕುಗಳಿಗೆ ಅವರು ವಿಕಿರಣವುಳ್ಳ ಅಮೈನೋ ಆಮ್ಲವನ್ನು ಮೂರು ನಿಮಿಷಗಳ ಕಾಲ ಮಾತ್ರ ಉಣಿಸಿ, ಆಮೇಲೆ ಸಾಧಾರಣವಾದುದನ್ನು ಕೊಟ್ಟರು. ಆ ಮೂರು ನಿಮಿಷಗಳಲ್ಲಿ ಹುಟ್ಟಿದ ಪ್ರೋಟೀನುಗಳ ಮೇಲೆ ಮಾತ್ರ ಮುದ್ರೆ ಬಿದ್ದಂತಾಯಿತು. ಬಳಿಕ ಬೇರೆ ಬೇರೆ ಹೊತ್ತಿನಲ್ಲಿ ತುಣುಕುಗಳನ್ನು ಪರೀಕ್ಷಿಸಿ, ಮುದ್ರೆ ಬಿದ್ದ ಸರಕು ಎಲ್ಲಿಯವರೆಗೆ ಬಂದಿದೆಯೆಂದು ನೋಡಿದರು. ಮೊದಲು ಅದು ಇದ್ದುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಮಡಿಕೆಮಡಿಕೆಯಾದ ಪೊರೆಗಳ ಜಾಲದಲ್ಲಿ. ಈ ದೀರ್ಘವಾದ ಹೆಸರನ್ನು ಬಿಟ್ಟು ಇನ್ನು ಮುಂದೆ ಇದನ್ನು ಒಳಜಾಲವೆಂದೇ ಕರೆಯುವೆನು. ಕೆಲವು ನಿಮಿಷಗಳಲ್ಲಿ ಅದು ಗಾಲ್ಜಿ ಚೀಲಗಳ ಬಳಿಗೆ ಬಂದಿತ್ತು. ಸುಮಾರು ಎರಡು ಗಂಟೆಗಳ ತರುವಾಯ ಕೋಶದ ಅಂಚಿನಲ್ಲಿ, ಹೊರಬೀಳಲು ಸಿದ್ಧವಾದ ಕಣಗಳಲ್ಲಿ ಸೇರಿಕೊಂಡಿತ್ತು. ಪಲಾಡೆಯವರಿಗೂ, ಕೋಶಗಳನ್ನು ಒಡೆದು ಅಂಗಗಳನ್ನು ಬೇರ್ಪಡಿಸುವ ವಿಧಾನವನ್ನು ರೂಢಿಗೆ ತಂದ ಆಲ್ಬರ್ಟ್ ಕ್ಲಾಡ್ ಅವರಿಗೂ, 1955ರಲ್ಲಿ ಲೈಸೋಸೋಮುಗಳನ್ನು ಲೋಕಕ್ಕೆ ತಿಳಿಸಿದ ಕ್ರಿಶ್ಚಿಯನ್ ಡಿ ಡ್ಯೂವ್ ಅವರಿಗೂ 1974ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ದಾರಿಯು ಹೀಗೆ ತಿಳಿಯಿತು. ಆದರೆ ಪ್ರೋಟೀನಿಗೆ ದಾರಿ ತಿಳಿಯುವ ಬಗೆಯು ಇನ್ನೂ ತಿಳಿಯಲಿಲ್ಲ. ಅದನ್ನು ಬಿಡಿಸಿದವರು ಅದೇ ಸಂಸ್ಥೆಯಲ್ಲಿದ್ದ ಗುಂಟರ್ ಬ್ಲೋಬೆಲ್ ಅವರು. ಜರ್ಮನ್ ಮನೆತನದಲ್ಲಿ 1936ರಲ್ಲಿ ಹುಟ್ಟಿದ ಇವರು ಡೇವಿಡ್ ಸಬಟೀನಿಯವರೊಡಗೂಡಿ 1971ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಪ್ರೋಟೀನಿನ ವಿಳಾಸವು ಬೇರೆಲ್ಲಿಯೂ ಇಲ್ಲ, ಅದರ ಮೈಯಲ್ಲಿಯೇ, ಸರದ ಮೊದಲಿನ ಕೆಲವು ಮಣಿಗಳಲ್ಲಿಯೇ ಬರೆದಿರುತ್ತದೆ ಎಂಬುದು ಆ ಊಹೆಯ ಸಾರ. ಮರುವರ್ಷ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಮಿಲ್‌ಸ್ಟೈನ್ ಎಂಬವರೂ ಅವರ ಸಂಗಡಿಗರೂ ರೋಗನಿರೋಧಕ ಪ್ರೋಟೀನೊಂದರ ಸರವು ಹುಟ್ಟುವಾಗ ಉದ್ದವಾಗಿದ್ದು, ಕೋಶವನ್ನು ಬಿಡುವಷ್ಟರಲ್ಲಿ ಮೊದಲಿನ ತುಣುಕೊಂದನ್ನು ಕಳೆದುಕೊಳ್ಳುವುದೆಂದು ಕಂಡರು. 1975ರಲ್ಲಿ ಬ್ಲೋಬೆಲ್ ಅವರು ಡಾಬರ್‌ಸ್ಟೈನ್ ಅವರೊಡನೆ ಕೋಶದ ಹೊರಗೆ, ಗಾಜಿನ ಕೊಳವೆಯಲ್ಲಿಯೇ ಈ ಕ್ರಿಯೆಯನ್ನು ನಡೆಸಿ ತೋರಿಸಿ ಊಹೆಯನ್ನು ಸ್ಥಿರಪಡಿಸಿದರು. ಆ ತುಣುಕು ಹೊರಕ್ಕೆ ತಲೆ ಹಾಕಿದೊಡನೆಯೇ ಅದನ್ನು ಗುರುತಿಸುವ ಒಂದು ಕಣವು ಬಂದು ಹಿಡಿದುಕೊಳ್ಳುವುದು. ಸರ ಪೋಣಿಸುವ ಕೆಲಸವನ್ನು ತಡೆದು ನಿಲ್ಲಿಸುವುದು. ಯಂತ್ರವನ್ನು ಒಳಜಾಲದ ಬಾಗಿಲಿಗೆ ಕರೆದೊಯ್ಯುವುದು. ಅಲ್ಲಿ ಕೆಲಸವು ಪುನಃ ಆರಂಭವಾಗಿ, ಸರವು ಬಾಗಿಲಿನ ಮೂಲಕ ಒಳಕ್ಕೆ ಇಳಿಯುವುದು. ಆಗ ವಿಳಾಸದ ತುಣುಕನ್ನು ಕತ್ತರಿಸಿ ಎಸೆಯುವರು.

ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ವ್ಯಾಕರಣವನ್ನು ಓದಿದವರಿಗೆ ಇದು ಚಿರಪರಿಚಿತವಾದ ಕ್ರಮವಲ್ಲವೆ? ಪಾಣಿನೀಯದಲ್ಲಿ ಪ್ರತ್ಯಯಗಳಿಗೆ ಅನುಬಂಧಗಳೆಂಬ ಅಕ್ಷರಗಳನ್ನು ಸೇರಿಸಿರುತ್ತಾರೆ. ಅವು ಉಚ್ಚರಿಸುವುದಕ್ಕಲ್ಲ, ಕಾರ್ಯವನ್ನು ನಿಯಮಿಸುವುದಕ್ಕೆ. ಕೃ ಎಂಬ ಧಾತುವಿನ ಮೇಲೆ ತೃಚ್ ಪ್ರತ್ಯಯವು ಬಂದರೆ ಸ್ವರಕ್ಕೆ ಗುಣವಾಗಿ ಕರ್ತೃ ಎಂದಾಗುವುದು. ಅದೇ ಧಾತುವಿನ ಮೇಲೆ ಕ್ತ ಪ್ರತ್ಯಯವು ಬಂದರೆ, ಅದರ ಮೊದಲಿನ ಕಕಾರವು ಇಲ್ಲಿ ಗುಣವು ಕೂಡದೆಂದು ತಡೆದು, ತನ್ನ ಕೆಲಸವು ಮುಗಿದೊಡನೆ ಲೋಪವಾಗುವುದು. ಉಳಿಯುವುದು ಕೃತ ಎಂಬ ರೂಪ. ಸಿದ್ಧವಾದ ಪದದಲ್ಲಿ ಆ ಕಕಾರವನ್ನು ಎಷ್ಟು ಹುಡುಕಿದರೂ ಕಾಣಸಿಗದು. ಆದರೆ ಅದು ಇರದಿದ್ದರೆ ಪದವು ಆ ರೂಪವನ್ನು ಪಡೆಯುತ್ತಿರಲಿಲ್ಲ. ನಮ್ಮ ಹಿರಿಯರು ಕೋಶವನ್ನು ಬಲ್ಲವರಾಗಿದ್ದರೆಂದು ನಾನು ಹೇಳುತ್ತಿಲ್ಲ; ಅಂತಹ ಹುಸಿಯಾದ ಹೆಮ್ಮೆಯು ನಮಗೆ ಬೇಡ. ತಿಳಿದ ದೃಷ್ಟಾಂತದಿಂದ ತಿಳಿಯದುದನ್ನು ಗ್ರಹಿಸುವುದು ಸುಲಭವೆಂದು ಮಾತ್ರ ಹೇಳುತ್ತೇನೆ.

ಇನ್‌ಸುಲಿನ್ ಎಂಬ ಹೆಸರನ್ನು ಮಧುಮೇಹವಿರುವ ಮನೆಗಳಲ್ಲಿ ಎಲ್ಲರೂ ಬಲ್ಲರು. ಮೊದಲು ಹುಟ್ಟುವ ಅದರ ಸರದಲ್ಲಿ 110 ಮಣಿಗಳಿರುತ್ತವೆ. ಮೊದಲಿನ 24 ಮಣಿಗಳು ವಿಳಾಸ. ಒಳಜಾಲವನ್ನು ಸೇರಿದೊಡನೆ ಅವು ಕತ್ತರಿಸಿಹೋಗುತ್ತವೆ. ಉಳಿದ 86ರಲ್ಲಿ ನಡುವಿನ ಭಾಗವೊಂದು, ಸರವು ಸರಿಯಾಗಿ ಮಡಿಸಿಕೊಂಡ ಬಳಿಕ, ಮುಂದಿನ ಘಟ್ಟಗಳಲ್ಲಿ ತೆಗೆಯಲ್ಪಡುವುದು. ಕೊನೆಗೆ ರಕ್ತವನ್ನು ಸೇರುವ ಇನ್‌ಸುಲಿನಿನಲ್ಲಿ ಇರುವುವು 51 ಮಾತ್ರ. ಎಲ್ಲ ವಿಳಾಸಗಳೂ ಹೀಗೆ ಲೋಪವಾಗುವುವೆಂದು ತಿಳಿಯಬಾರದು. ಪೆರಾಕ್ಸಿಸೋಮಿಗೆ ಹೋಗುವ ಬಹುಪಾಲು ಪ್ರೋಟೀನುಗಳ ವಿಳಾಸವು ಸರದ ತುದಿಯ ಮೂರೇ ಮಣಿಗಳಲ್ಲಿ ಅಡಗಿದ್ದು, ಕೊನೆಯವರೆಗೂ ಹಾಗೆಯೇ ಉಳಿಯುವುದು. ಈ ಮೂರು ಮಣಿಗಳನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅವುಗಳ ಪ್ರಸ್ತಾಪ ಬರುವುದು. ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಡ್ರೆಸ್‌ಡೆನ್ ನಗರದ ದೇವಾಲಯವನ್ನು ಮತ್ತೆ ಕಟ್ಟಿಸುವುದಕ್ಕೂ, ಅಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ನಿರ್ಮಿಸುವುದಕ್ಕೂ ಅವರು ಆ ಹಣವನ್ನು ದಾನ ಮಾಡಿದರು.

ಒಳಜಾಲವನ್ನು ಸೇರಿದ ಸರಕು ಅಲ್ಲಿಂದ ಮುಂದಕ್ಕೆ ಸಾಗುವುದು ಪೊರೆಯಿಂದಾದ ಕಿರುಚೀಲಗಳಲ್ಲಿ. ಒಂದು ಕೋಣೆಯ ಗೋಡೆಯಿಂದ ಚೀಲವು ಮೊಗ್ಗಿನಂತೆ ಮೂಡಿ, ಕಳಚಿಕೊಂಡು, ಇನ್ನೊಂದು ಕೋಣೆಯ ಗೋಡೆಯೊಡನೆ ಬೆರೆತು ಸರಕನ್ನು ಇಳಿಸುವುದು. ಇದರ ನಿಯಮಗಳನ್ನು ಶೋಧಿಸಿದುದಕ್ಕಾಗಿ ರ್ಯಾಂಡಿ ಶೆಕ್‌ಮನ್, ಜೇಮ್ಸ್ ರಾತ್‌ಮನ್, ಥಾಮಸ್ ಸ್ಯೂಡಾಫ್ ಎಂಬ ಮೂವರಿಗೆ 2013ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು. ಶೆಕ್‌ಮನ್ ಅವರು ಆರಿಸಿಕೊಂಡುದು ಹಿಟ್ಟನ್ನು ಹುದುಗೆಬ್ಬಿಸುವ ಯೀಸ್ಟನ್ನು. ಸಾಗಣೆ ಕೆಟ್ಟ ಯೀಸ್ಟು ಕೋಶದಲ್ಲಿ ಸರಕು ಹೊರಬೀಳದೆ ತುಂಬಿಕೊಂಡು ಅದರ ಸಾಂದ್ರತೆ ಹೆಚ್ಚುವುದು. ಆದುದರಿಂದ ಅಂತಹ ಕೋಶಗಳು ಉಳಿದವುಗಳಿಗಿಂತ ಕೆಳಕ್ಕೆ ಇಳಿಯುವುವು. ಹೀಗೆ ಬೇರ್ಪಡಿಸಿ, 1980ರ ಹೊತ್ತಿಗೆ ಸಾಗಣೆಗೆ ಅವಶ್ಯವಾದ 23 ಜೀನುಗಳನ್ನು ಗುರುತಿಸಿದರು. ಚೀಲವು ಸಿಕ್ಕಿದ ಗೋಡೆಗೆಲ್ಲ ಅಂಟಿಕೊಳ್ಳದೆ ತನ್ನ ಗೋಡೆಯನ್ನೇ ಹುಡುಕಿ ಸೇರುವುದಕ್ಕೆ ಕಾರಣವಾದ ಜೋಡಿ ಪ್ರೋಟೀನುಗಳ ತತ್ತ್ವವನ್ನು ರಾತ್‌ಮನ್ ಅವರ ಗುಂಪು 1993ರಲ್ಲಿ ಹೊರಗೆಡವಿತು. ಬೀಗಕ್ಕೆ ತಕ್ಕ ಕೀಲಿಯಂತೆ, ಚೀಲದ ಮೇಲಿನ ಪ್ರೋಟೀನು ಗೋಡೆಯ ಮೇಲಿನ ಪ್ರೋಟೀನಿನೊಡನೆ ಹೆಣೆದುಕೊಂಡಾಗಲೇ ಎರಡು ಪೊರೆಗಳೂ ಒಂದಾಗುವುವು. ನರಗಳಲ್ಲಿ ಈ ಕಾರ್ಯವು ತಕ್ಕ ಕ್ಷಣದಲ್ಲಿಯೇ ನಡೆಯುವಂತೆ ಕ್ಯಾಲ್ಸಿಯಮ್ ಹೇಗೆ ಅಪ್ಪಣೆ ಕೊಡುವುದೆಂಬುದನ್ನು ಸ್ಯೂಡಾಫ್ ಅವರು ತಿಳಿಸಿದರು.

ಈ ಹೆಣಿಗೆಯು ಕಡಿದುಹೋದರೆ ಏನಾಗುವುದೆಂಬುದನ್ನು ನಮ್ಮ ಹಳ್ಳಿಗಳು ಶಾಸ್ತ್ರಜ್ಞರಿಗಿಂತ ಮೊದಲೇ ಕಂಡಿವೆ. ತುಕ್ಕು ಮೊಳೆ ಚುಚ್ಚಿದ ಗಾಯದಿಂದ ಧನುರ್ವಾಯು ಬರುವುದಷ್ಟೆ. ಆ ರೋಗಾಣುವಿನ ವಿಷವು ಮಾಡುವುದು ಇದನ್ನೇ. ಮಾಂಸಖಂಡಗಳನ್ನು ಸಡಿಲಿಸುವ ಸಂದೇಶವನ್ನು ಹೊತ್ತ ಚೀಲಗಳ ಮೇಲಿನ ಕೀಲಿಯನ್ನು ಅದು ಕತ್ತರಿಸುವುದೆಂದು 1992ರಲ್ಲಿ ಗೊತ್ತಾಯಿತು. ಸಂದೇಶವು ಚೀಲದಲ್ಲಿಯೇ ಉಳಿಯುವುದು, ದೇಹವು ಬಿಲ್ಲಿನಂತೆ ಬಾಗಿ ಬಿಗಿಯುವುದು. ಇದು ಹೊರಗಿನಿಂದ ಬಂದ ಕೇಡು. ಇನ್ನು ಹುಟ್ಟಿನಿಂದಲೇ ಬರುವ ಸ್ಥಾನಭ್ರಂಶಗಳನ್ನು ಹೇಳುವೆನು.

1967ರಲ್ಲಿ ಲೆರಾಯ್ ಮತ್ತು ಡಿಮಾರ್ಸ್ ಎಂಬ ಇಬ್ಬರು ವಿದ್ವಾಂಸರು, ಬೆಳವಣಿಗೆ ಕುಂದಿ, ಮುಖಲಕ್ಷಣವು ಒರಟಾಗಿ, ಕೀಲುಗಳು ಬಿಗಿದುಹೋಗಿದ್ದ ಶಿಶುಗಳ ಚರ್ಮದ ಕೋಶಗಳನ್ನು ಪರೀಕ್ಷಿಸಿದರು. ಕೋಶಗಳ ಒಳಗೆಲ್ಲ ಕಪ್ಪಾದ ಕಣಗಳು ಕಿಕ್ಕಿರಿದಿದ್ದವು. ಇದಕ್ಕೆ ಐ-ಸೆಲ್ ವ್ಯಾಧಿಯೆಂದು ಹೆಸರಾಯಿತು. ಇಂತಹ ಮಕ್ಕಳು ಸಾಮಾನ್ಯವಾಗಿ ಹತ್ತು ವರ್ಷವನ್ನು ದಾಟುವುದಿಲ್ಲ. ಕರಗಬೇಕಾದ ಕಸವು ಲೈಸೋಸೋಮುಗಳಲ್ಲಿ ಕರಗದೆ ಉಳಿದಿತ್ತು. ಏಕೆಂದರೆ ಕರಗಿಸುವ ಕಿಣ್ವಗಳು ಅಲ್ಲಿ ಇರಲಿಲ್ಲ. ಹಾಗಾದರೆ ಕೋಶವು ಅವನ್ನು ರಚಿಸಲೇ ಇಲ್ಲವೆ? ರಚಿಸಿತ್ತು. ಅವೆಲ್ಲವೂ ಕೋಶದ ಹೊರಗೆ, ರಕ್ತದಲ್ಲಿ, ಆರೋಗ್ಯವಂತರಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚಾಗಿ ಹರಿಯುತ್ತಿದ್ದವು. 1972ರಲ್ಲಿ ಹಿಕ್‌ಮನ್ ಮತ್ತು ಎಲಿಜಬೆತ್ ನ್ಯೂಫೆಲ್ಡ್ ಎಂಬವರು ಒಂದು ಪರೀಕ್ಷೆ ಮಾಡಿದರು. ಆರೋಗ್ಯವಂತರ ಕಿಣ್ವವನ್ನು ರೋಗಿಯ ಕೋಶಕ್ಕೆ ಒಡ್ಡಿದರೆ ಅದು ಒಳಕ್ಕೆ ತೆಗೆದುಕೊಳ್ಳುವುದು. ರೋಗಿಯ ಕಿಣ್ವವನ್ನು ಆರೋಗ್ಯವಂತರ ಕೋಶಕ್ಕೆ ಒಡ್ಡಿದರೆ ಅದು ತೆಗೆದುಕೊಳ್ಳದು. ಆದುದರಿಂದ ದೋಷವಿರುವುದು ಬಾಗಿಲಿನಲ್ಲಿಯೂ ಅಲ್ಲ, ಕಿಣ್ವದ ಸಾಮರ್ಥ್ಯದಲ್ಲಿಯೂ ಅಲ್ಲ, ಅದರ ಮೇಲಿರಬೇಕಾದ ಗುರುತಿನಲ್ಲಿ ಎಂದು ಸಿದ್ಧವಾಯಿತು. ಅನ್ವಯವ್ಯತಿರೇಕಗಳಿಗೆ ಇದಕ್ಕಿಂತ ನಿರ್ಮಲವಾದ ಉದಾಹರಣೆಯನ್ನು ನಾನು ಅರಿಯೆನು.

ಆ ಗುರುತು ಮ್ಯಾನೋಸೆಂಬ ಸಕ್ಕರೆಗೆ ಕಟ್ಟಿದ ಒಂದು ಫಾಸ್ಫೇಟೆಂದು 1977ರಲ್ಲಿ ತಿಳಿಯಿತು. ಅದನ್ನು ಗಾಲ್ಜಿಯ ಭಾಗದಲ್ಲಿ ಒತ್ತುವ ಒಂದು ಕಿಣ್ವವು ಈ ರೋಗಿಗಳಲ್ಲಿ ಕೆಟ್ಟಿರುವುದೆಂದು 1981ರಲ್ಲಿ ಎರಡು ಗುಂಪಿನವರು ಕಂಡುಹಿಡಿದರು. ಅವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಅಜಿತ್ ವರ್ಕಿಯವರೂ ಒಬ್ಬರು. ಒಂದು ಮುದ್ರೆಯನ್ನು ಒತ್ತುವವನು ಇಲ್ಲದುದರಿಂದ ಹತ್ತಾರು ಬಗೆಯ ಕಿಣ್ವಗಳು ಅನಾಥವಾಗಿ ಬೀದಿಪಾಲಾದುವು. ಈ ಅರಿವು ವ್ಯರ್ಥವಾಗಲಿಲ್ಲ. ಲೈಸೋಸೋಮಿನ ಕಿಣ್ವವೊಂದರ ಕೊರತೆಯಿಂದ ಹೃದಯವೂ ಮಾಂಸಖಂಡಗಳೂ ಕುಗ್ಗುವ ಪಾಂಪೆ ಎಂಬ ಬೇರೊಂದು ವ್ಯಾಧಿಗೆ, ಅದೇ ಮುದ್ರೆಯುಳ್ಳ ಕಿಣ್ವವನ್ನು ರಕ್ತದಲ್ಲಿ ಕೊಡುವ ಚಿಕಿತ್ಸೆಯು 2006ರಿಂದ ಬಳಕೆಗೆ ಬಂದಿದೆ. ವಿಳಾಸವನ್ನು ಓದಲು ಕಲಿತವರು ವಿಳಾಸವನ್ನು ಬರೆಯಲೂ ಕಲಿತರು.

ಎರಡನೆಯದು ಸಿಸ್ಟಿಕ್ ಫೈಬ್ರೋಸಿಸ್. ಇದು ಯುರೋಪಿನ ಮೂಲದವರಲ್ಲಿ ಹೆಚ್ಚು. ಇದರ ಜೀನನ್ನು 1989ರಲ್ಲಿ ಕಂಡುಹಿಡಿದರು. ಕೋಶದ ಹೊರಪೊರೆಯಲ್ಲಿ ಕುಳಿತು ಲವಣಾಂಶವನ್ನು ಸಾಗಿಸಬೇಕಾದ 1,480 ಮಣಿಗಳ ಪ್ರೋಟೀನಿನಲ್ಲಿ, ಅತಿ ಹೆಚ್ಚು ರೋಗಿಗಳಿಗೆ 508ನೆಯ ಮಣಿಯೊಂದು ಇಲ್ಲ. ಅದರಿಂದ ಮಡಿಕೆಯು ಓರೆಯಾಗುವುದು. ಒಳಜಾಲದಲ್ಲಿ ಮಡಿಕೆಯನ್ನು ಪರೀಕ್ಷಿಸುವ ಕಾವಲುಗಾರರಿದ್ದಾರೆ. ಅವರು ಇದನ್ನು ಮುಂದಕ್ಕೆ ಬಿಡದೆ ನಾಶಕ್ಕೆ ಕಳುಹಿಸುವರು. ಹೊರಪೊರೆಯನ್ನು ಹೇಗಾದರೂ ಸೇರಿದ್ದರೆ ಅದು ಸ್ವಲ್ಪಮಟ್ಟಿಗಾದರೂ ಕೆಲಸ ಮಾಡುತ್ತಿತ್ತು. ಕಾವಲಿನ ಕಟ್ಟುನಿಟ್ಟು ಎಷ್ಟೆಂದರೆ, ಉಪಯೋಗಕ್ಕೆ ಬರುವುದನ್ನೂ ಉಳಿಸದು. ಮಡಿಕೆಯನ್ನು ನೇರ್ಪಡಿಸಿ ಬಾಗಿಲು ದಾಟಿಸುವ ಎರಡು ಔಷಧಗಳನ್ನೂ, ದಾಟಿದ ಮೇಲೆ ಕೆಲಸಕ್ಕೆ ಹಚ್ಚುವ ಒಂದನ್ನೂ ಸೇರಿಸಿದ ಮಾತ್ರೆಯು 2019ರಲ್ಲಿ ಅಮೇರಿಕದಲ್ಲಿ ಅಂಗೀಕಾರವಾಗಿ, ಅನೇಕ ರೋಗಿಗಳ ಉಸಿರಾಟವನ್ನು ಸುಧಾರಿಸಿದೆ.

ಇನ್ನು ಆ ಮಗುವಿನ ವ್ಯಾಧಿ. ಇದಕ್ಕೆ ಪ್ರೈಮರಿ ಹೈಪರ್‌ಆಕ್ಸಲೂರಿಯ ಎಂದು ಹೆಸರು. ಯಕೃತ್ತಿನ ಕೋಶಗಳಲ್ಲಿ ಗ್ಲಯಾಕ್ಸಿಲೇಟೆಂಬ ದ್ರವ್ಯವು ಹುಟ್ಟುತ್ತದೆ. ಪೆರಾಕ್ಸಿಸೋಮಿನಲ್ಲಿರುವ ಎ.ಜಿ.ಟಿ. ಎಂಬ ಕಿಣ್ವವು ಅದನ್ನು ನಿರಪಾಯವಾದ ಗ್ಲೈಸೀನನ್ನಾಗಿ ಮಾಡುವುದು. ಈ ಕೆಲಸವು ನಡೆಯದಿದ್ದರೆ ಗ್ಲಯಾಕ್ಸಿಲೇಟು ಆಕ್ಸಲೇಟಾಗಿ, ಕ್ಯಾಲ್ಸಿಯಮ್ಮಿನೊಡನೆ ಕೂಡಿ ಮೂತ್ರಪಿಂಡಗಳಲ್ಲಿ ಕಲ್ಲಾಗುವುದು. ಕೆಲವು ರೋಗಿಗಳಲ್ಲಿ ಕಿಣ್ವವೇ ಇರುವುದಿಲ್ಲ; ಕೆಲವರಲ್ಲಿ ಇದ್ದರೂ ಶಕ್ತಿಯಿಲ್ಲ. ಆದರೆ ಲಂಡನ್ನಿನ ಕ್ರಿಸ್ಟೋಫರ್ ಡ್ಯಾನ್‌ಪ್ಯೂರ್ ಅವರು 1989ರಲ್ಲಿ ಒಂದು ವಿಚಿತ್ರವನ್ನು ಕಂಡರು. ಕೆಲವು ರೋಗಿಗಳ ಯಕೃತ್ತಿನಲ್ಲಿ ಕಿಣ್ವವೂ ಇದೆ, ಅದಕ್ಕೆ ಶಕ್ತಿಯೂ ಇದೆ. ಆದರೆ ಅದು ಇರುವುದು ಪೆರಾಕ್ಸಿಸೋಮಿನಲ್ಲಲ್ಲ, ಮೈಟೋಕಾಂಡ್ರಿಯದಲ್ಲಿ. ಯುರೋಪು ಅಮೇರಿಕಗಳ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ ಕಾರಣವು ಇದೇ. ಪಕ್ಕದ ಕೋಣೆಯಲ್ಲಿ ಬೆಂಕಿ ಹತ್ತಿರುವಾಗ ನೀರಿನ ಕೊಡವನ್ನು ಹಿಡಿದವನು ಈ ಕೋಣೆಯಲ್ಲಿ ನಿಂತಂತೆ ಆಯಿತು.

ಹೀಗಾಗುವುದಕ್ಕೆ ಎರಡು ಸಣ್ಣ ವ್ಯತ್ಯಾಸಗಳು ಕೂಡಬೇಕು. 392 ಮಣಿಗಳ ಈ ಸರದಲ್ಲಿ 11ನೆಯ ಮಣಿಯು ಬದಲಾಗಿರುವುದು ಎಷ್ಟೋ ಜನ ಆರೋಗ್ಯವಂತರಲ್ಲಿಯೂ ಉಂಟು. ಅದರಿಂದ ಸರದ ಮೊದಲಿನಲ್ಲಿ ಮೈಟೋಕಾಂಡ್ರಿಯದ ವಿಳಾಸವು ಮಸುಕಾಗಿ ಬರೆದಂತಾಗುವುದು. ತುದಿಯಲ್ಲಿ ಪೆರಾಕ್ಸಿಸೋಮಿನ ಮೂರು ಮಣಿಗಳ ವಿಳಾಸವೂ ಇದ್ದೇ ಇರುವುದು. ಒಂದು ಕಾಗದದ ಮೇಲೆ ಎರಡು ವಿಳಾಸಗಳು! ಆದರೂ ಕೇಡಿಲ್ಲ. ಮೈಟೋಕಾಂಡ್ರಿಯದ ಬಾಗಿಲು ಬಿಡಿಸಿದ ಸರವನ್ನು ಮಾತ್ರ ಒಳಕ್ಕೆ ಬಿಡುವುದು. ಪೆರಾಕ್ಸಿಸೋಮಿನ ಬಾಗಿಲು ಮಡಿಸಿದುದನ್ನೂ ಬಿಡುವುದು. ಈ ಕಿಣ್ವವು ಬೇಗನೆ ಮಡಿಸಿಕೊಳ್ಳುವುದರಿಂದ ಅದರ ಬಹುಪಾಲು ಸರಿಯಾದ ಮನೆಯನ್ನೇ ಸೇರುವುದು. 170ನೆಯ ಮಣಿಯೂ ಬದಲಾಗಿದ್ದರೆ ಮಡಿಸಿಕೊಳ್ಳುವುದು ನಿಧಾನವಾಗಿ, ಆ ಸಂದಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೈಟೋಕಾಂಡ್ರಿಯದ ಪಾಲಾಗುವುದು.

ಇನ್ನೊಂದು ಸ್ವಾರಸ್ಯವಿದೆ. ಇದೇ ಕಿಣ್ವವು ಮಾಂಸಾಹಾರಿಯಾದ ಬೆಕ್ಕಿನಲ್ಲಿ ಬಹುಮಟ್ಟಿಗೆ ಮೈಟೋಕಾಂಡ್ರಿಯದಲ್ಲಿಯೇ ಇರುವುದು. ಸಸ್ಯಾಹಾರಿಯಾದ ಮೊಲದಲ್ಲಿ ಪೆರಾಕ್ಸಿಸೋಮಿನಲ್ಲಿರುವುದು. ಮಾಂಸದಿಂದ ಬರುವ ಗ್ಲಯಾಕ್ಸಿಲೇಟು ಹೆಚ್ಚಾಗಿ ಮೈಟೋಕಾಂಡ್ರಿಯದಲ್ಲಿ ಹುಟ್ಟುವುದರಿಂದ ಬೆಕ್ಕಿಗೆ ಅದೇ ತಕ್ಕ ಸ್ಥಾನ. ಮನುಷ್ಯನಲ್ಲಿ ಮೊಲದ ಪದ್ಧತಿಯಿದೆ. ಬೆಕ್ಕಿನ ಆರೋಗ್ಯವೇ ಮನುಷ್ಯನ ಶಿಶುವಿಗೆ ವ್ಯಾಧಿಯಾಯಿತು. ಸ್ಥಾನವೆಂಬುದು ಸ್ವತಃ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಎಲ್ಲಿ ಪ್ರಯೋಜನವಿದೆಯೋ ಅದೇ ಸ್ಥಾನ.

ಮಹನೀಯರೇ, ಈಗ ಆ ತಾಯಿಯ ಪ್ರಶ್ನೆಗೆ ಬರುವೆನು. ನಾನು ಹೇಳಿದ ಈ ಮೂರು ವ್ಯಾಧಿಗಳೂ ಒಂದೇ ರೀತಿಯಿಂದ ಮಕ್ಕಳಿಗೆ ಬರುವುವು. ಪ್ರತಿಯೊಬ್ಬರಲ್ಲಿಯೂ ಇಂತಹ ಜೀನಿನ ಎರಡು ಪ್ರತಿಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದರಿಂದ ಕೆಲಸವು ನಡೆಯುವುದು. ಅಂಥವರು ತಮ್ಮಲ್ಲಿ ದೋಷವಿರುವುದನ್ನು ಅರಿಯದೆಯೇ ಪೂರ್ಣಾಯುಷ್ಯವನ್ನು ಬಾಳುವರು. ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಶಿಶುವಿಗೆ ವ್ಯಾಧಿ. ಇಂತಹ ದಂಪತಿಗಳಿಗೆ ಪ್ರತಿಯೊಂದು ಬಸುರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಹಾಗಾಗುವ ಸಂಭವ. ಆದಕಾರಣ ಇದು ತಾಯಿಯೊಬ್ಬಳಿಂದ ಆಗಲಾರದು, ತಂದೆಯೊಬ್ಬನಿಂದಲೂ ಆಗಲಾರದು. ಗರ್ಭವು ನಿಂತ ಗಳಿಗೆಯಲ್ಲಿಯೇ ಇದು ನಿರ್ಣಯವಾಗಿರುತ್ತದೆ. ಆಮೇಲೆ ಗ್ರಹಣದಲ್ಲಿ ನಡೆದುದಾಗಲಿ, ಬಸುರಿಯಲ್ಲಿ ಉಂಡ ಸೊಪ್ಪಾಗಲಿ, ಹೆದರಿಕೆಯಾಗಲಿ, ಯಾರ ದೃಷ್ಟಿಯಾಗಲಿ ಇದಕ್ಕೆ ಕಾರಣವಲ್ಲ. ಆ ತಾಯಿಗೆ ನಾನು ಹೇಳಬೇಕಾಗಿದ್ದ ಉತ್ತರವು "ಅಲ್ಲವಮ್ಮ" ಎಂಬ ಒಂದೇ ಮಾತು. ಕರ್ಮಸಿದ್ಧಾಂತವನ್ನು ಖಂಡಿಸುವುದು ನನ್ನ ಉದ್ದೇಶವಲ್ಲ. ಅದರ ವಿಚಾರಕ್ಕೆ ಬೇರೆ ವೇದಿಕೆಗಳಿವೆ. ರೋಗಿಯ ಹಾಸಿಗೆಯ ಬಳಿಯಲ್ಲಿ, ಅಳುತ್ತಿರುವವರ ಮೇಲೆ ಅದನ್ನು ಹೊರಿಸುವುದು ಪಾಂಡಿತ್ಯವಲ್ಲ, ನಿರ್ದಯೆ.

ಇಲ್ಲಿ ಇನ್ನೊಂದು ಮಾತನ್ನು ಮೃದುವಾಗಿ ಹೇಳಬೇಕಾಗಿದೆ. ನಮ್ಮ ಸೀಮೆಯಲ್ಲಿ ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವುದು ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರನ್ನು ವಿಚಾರಿಸಿದಾಗ, ಸುಮಾರು ಮೂರರಲ್ಲಿ ಒಂದು ಪಾಲು ರಕ್ತಸಂಬಂಧದ ವಿವಾಹಗಳಾಗಿದ್ದುವು. ಒಂದೇ ಮನೆತನದವರಲ್ಲಿ ಒಂದೇ ಬಗೆಯ ಕೆಟ್ಟ ಪ್ರತಿಯು ಅಡಗಿರುವ ಸಂಭವವು ಹೆಚ್ಚು. ಆದುದರಿಂದ ಅವೆರಡೂ ಒಂದು ಶಿಶುವಿನಲ್ಲಿ ಕೂಡುವ ಸಂಭವವೂ ಹೆಚ್ಚು. ಹಾಗೆಂದು ಅಂತಹ ವಿವಾಹವಾದವರ ಮಕ್ಕಳೆಲ್ಲರಿಗೂ ವ್ಯಾಧಿಯೆಂದಲ್ಲ. ಬಹುತೇಕರು ಆರೋಗ್ಯವಾಗಿಯೇ ಇರುತ್ತಾರೆ. ಸಂಬಂಧವಿಲ್ಲದ ದಂಪತಿಗಳಿಗೂ ಇಂತಹ ಮಗು ಹುಟ್ಟಬಹುದು. ಆದ ವಿವಾಹವನ್ನು ನಿಂದಿಸುವುದು ತಾಯಿಯನ್ನು ನಿಂದಿಸಿದಷ್ಟೇ ಅನುಚಿತ. ಮುಂದೆ ಆಗುವ ವಿವಾಹಗಳ ವಿಷಯದಲ್ಲಿ ಹಿರಿಯರು ಆಸ್ತಿ ಮನೆತನಗಳನ್ನು ನೋಡುವಂತೆಯೇ ಇದನ್ನೂ ಎಣಿಸಲಿ, ಮನೆಯಲ್ಲಿ ಇಂತಹ ವ್ಯಾಧಿಯು ಕಂಡಿದ್ದರೆ ಜೀನುಗಳನ್ನು ಬಲ್ಲ ವೈದ್ಯರ ಸಲಹೆಯನ್ನು ಕೇಳಲಿ ಎಂಬುದಿಷ್ಟೇ ನನ್ನ ಬಿನ್ನಹ.

ಮಗುವಿಗೆ ಮತ್ತೆ ಮತ್ತೆ ಮೂತ್ರಪಿಂಡದ ಕಲ್ಲು ಬರುತ್ತಿದ್ದರೆ ಕಲ್ಲನ್ನು ತೆಗೆಸಿ ಸುಮ್ಮನಾಗಬಾರದು. ಕಾರಣವನ್ನು ಪರೀಕ್ಷಿಸುವಂತೆ ವೈದ್ಯರನ್ನು ಬೇಡಬೇಕು. ಬೇಗನೆ ತಿಳಿದರೆ ಮಾಡುವುದಕ್ಕೆ ಕೆಲಸವುಂಟು. ಹಗಲಿರುಳೂ ಧಾರಾಳವಾಗಿ ನೀರು ಕುಡಿಸುವುದು ಮೊದಲನೆಯದು. ಸ್ಥಾನ ತಪ್ಪಿದ ಕಿಣ್ವವುಳ್ಳ ರೋಗಿಗಳಲ್ಲಿ ಅನೇಕರಿಗೆ, ಪಿರಿಡಾಕ್ಸೀನ್ ಎಂಬ ಬಿ6 ಜೀವಸತ್ತ್ವವು ಮಡಿಕೆಯನ್ನು ಸ್ಥಿರಪಡಿಸಿ ಕಿಣ್ವವನ್ನು ಸರಿಯಾದ ಮನೆಗೆ ತಿರುಗಿಸಲು ನೆರವಾಗುವುದು. ವ್ಯಾಧಿಯು ಬಲಿತವರಿಗೆ ಯಕೃತ್ತನ್ನೂ ಮೂತ್ರಪಿಂಡವನ್ನೂ ಬದಲಿಸುವ ಶಸ್ತ್ರಚಿಕಿತ್ಸೆಯಿದೆ. ಗ್ಲಯಾಕ್ಸಿಲೇಟು ಹುಟ್ಟುವುದನ್ನೇ ಕಡಮೆ ಮಾಡುವ ಲುಮಾಸಿರಾನ್ ಎಂಬ ಚುಚ್ಚುಮದ್ದಿಗೆ 2020ರಲ್ಲಿ ಯುರೋಪಿನಲ್ಲಿಯೂ ಅಮೇರಿಕದಲ್ಲಿಯೂ ಅನುಮತಿ ದೊರೆತಿದೆ. ಅದರ ಬೆಲೆ ಮಾತ್ರ ಬಡವರ ಕೈಗೆ ಎಟುಕುವಂತಿಲ್ಲ. ಔಷಧವು ಇದ್ದೂ ಬೇಕಾದವರ ಬಳಿಗೆ ಸಾಗದಿರುವುದು ಕೋಶದ ದೋಷವಲ್ಲ, ನಮ್ಮ ಸಮಾಜದ್ದು. ಅದನ್ನು ನೇರ್ಪಡಿಸುವ ಭಾರವು ಉಳ್ಳವರ ಮೇಲೂ ಆಳುವವರ ಮೇಲೂ ಇದೆ.

ಆ ದಂಪತಿಗಳ ಊರು ಯಾವುದೆಂದು ನಾನು ಅಂದು ವಿಚಾರಿಸಲಿಲ್ಲ. ಆದುದರಿಂದ ಆಕೆಗೆ ಹೇಳಬೇಕಾಗಿದ್ದುದನ್ನು ತಮ್ಮೆಲ್ಲರ ಮುಂದೆ ಹೇಳಿದ್ದೇನೆ. ಇಂತಹ ಮಗುವನ್ನು ಹೆತ್ತ ತಾಯಿ ತಮ್ಮ ಊರಿನಲ್ಲಿ, ತಮ್ಮ ಓಣಿಯಲ್ಲಿ ಇದ್ದರೆ, ಈ ಮಾತನ್ನು ದಯವಿಟ್ಟು ಆಕೆಗೆ ಮುಟ್ಟಿಸಿರೆಂದು ಬೇಡಿಕೊಳ್ಳುತ್ತೇನೆ.